ಸಹಾಯ ಬೇಕು: ಅತ್ತರಿನ ಎಣ್ಣೆ ಎಲ್ಲಿ ಪರೀಕ್ಷೆ ಮಾಡಿಸಬೇಕು?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಬಂದೇ ನವಾಜ್ ದರ್ಗಾದ ಹತ್ತಿರ ನಮ್ಮದೊಂದು ಸಣ್ಣ ಅತ್ತರ್ ಅಂಗಡಿ ಇದೆ. ತರಿಸುವ ಎಣ್ಣೆಯ ಡಬ್ಬದ ಮೇಲೆ ಬರೀ ‘ಜಾಸ್ಮಿನ್ ಕಾಂಪೌಂಡ್’ ಅಂತ ಇರುತ್ತದೆ, ಒಳಗೇನಿದೆ ಗೊತ್ತಾಗುವುದಿಲ್ಲ. ಮೊನ್ನೆ ಒಬ್ಬ ಹುಡುಗಿ ಬಂದು ಮಣಿಕಟ್ಟಿನ ಮೇಲೆ ಎದ್ದ ಕೆಂಪು ಗಂದೆ ತೋರಿಸಿದಳು. ಆಗಿನಿಂದ ಸಮಾಧಾನವೇ ಇಲ್ಲ.

ಲಿಲಿಯಲ್ ಎಂಬ ಸುಗಂಧದ ರಾಸಾಯನಿಕವನ್ನು ಯುರೋಪ್ ಒಕ್ಕೂಟ 2022ರ ಮಾರ್ಚ್‌ನಿಂದ ಕಾಸ್ಮೆಟಿಕ್ಸ್‌ನಲ್ಲಿ ನಿಷೇಧಿಸಿದೆ. ಕೆಲವರಿಗೆ ಅಲರ್ಜಿ ಮಾಡುವ ಲಿನಲೂಲ್‌ನಂಥ ಸುಗಂಧದ ಅಂಶ ಮೈಗೆ ಹಚ್ಚಿಕೊಂಡು ಬಿಡುವ ವಸ್ತುವಿನಲ್ಲಿ 0.001%ಗಿಂತ ಜಾಸ್ತಿ ಇದ್ದರೆ ಅಲ್ಲಿ ಲೇಬಲ್ ಮೇಲೆ ಹೆಸರು ಹಾಕಲೇಬೇಕು. ಇಲ್ಲಿ ಎಣ್ಣೆ ಮಾರುವವರ ಹತ್ತಿರ ಇಫ್ರಾ ಸರ್ಟಿಫಿಕೇಟ್ (ಎಣ್ಣೆ ಅಂತರರಾಷ್ಟ್ರೀಯ ಸುಗಂಧ ಉದ್ಯಮ ಸಂಘದ ಸುರಕ್ಷತಾ ನಿಯಮಕ್ಕೆ ತಕ್ಕಂತಿದೆ ಎಂಬ ಪತ್ರ) ಕೇಳಿದರೆ, ಸಣ್ಣ ಅಂಗಡಿಗೆ ಅದೆಲ್ಲ ಯಾಕೆ ಅಂತಾರೆ. ಹಚ್ಚಿಕೊಳ್ಳುವವರ ಚರ್ಮ ಒಂದೇ ಅಲ್ವಾ?

ಸರ್ಟಿಫಿಕೇಟ್ ಸಮೇತ ಅರ್ಧ ಲೀಟರ್, ಒಂದು ಲೀಟರ್ ಎಣ್ಣೆ ಕೊಡುವವರು ಯಾರಾದರೂ ಗೊತ್ತಾ? ಎಣ್ಣೆಯಲ್ಲಿ ಯಾವ ಯಾವ ರಾಸಾಯನಿಕ ಎಷ್ಟಿದೆ ಅಂತ ತೋರಿಸುವ ಜಿಸಿ-ಎಂಎಸ್ ಪರೀಕ್ಷೆ ಮಾಡುವ ಲ್ಯಾಬ್ ಹೈದರಾಬಾದಿನಲ್ಲಿದ್ದರೂ ಸರಿ, ಹೋಗಿ ಬರುತ್ತೇನೆ. ದಯವಿಟ್ಟು ತಿಳಿಸಿ.