ಹತ್ತನೇ ತರಗತಿಯ ಮಗಳ ನೋಟ್‌ಬುಕ್ಕಿನಲ್ಲಿ ಚೀಟಿ ಸಿಕ್ಕಿದೆ, ಏನು ಮಾಡಲಿ?

ತುಮಕೂರಿನ ತಾಯಿಯೊಬ್ಬರು ಕೇಳಿದ್ದು: ಹತ್ತನೇ ತರಗತಿಯ ಮಗಳು ಸಹಪಾಠಿಗೆಂದು ಬರೆದು, ಇನ್ನೂ ಕೊಡದೆ ಇಟ್ಟುಕೊಂಡ ಚೀಟಿ ಗಣಿತದ ನೋಟ್‌ಬುಕ್ಕಿನಲ್ಲಿ ಸಿಕ್ಕಿದೆ. ಫೋನು ಕಿತ್ತುಕೊಂಡು ಶಾಲೆ ಬಿಡಿಸಿ ಹಾಸ್ಟೆಲಿಗೆ ಸೇರಿಸೋಣ ಎನ್ನುತ್ತಾರೆ ಯಜಮಾನರು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಪ್ರೌಢಶಾಲಾ ಶಿಕ್ಷಕಿಯೊಬ್ಬರ ಉತ್ತರ:

ಸೋದರಿ, ಈ ವಯಸ್ಸಿನಲ್ಲಿ ಯಾರ ಮೇಲಾದರೂ ಮನಸ್ಸಾಗುವುದು ಬೆಳವಣಿಗೆಯ ಲಕ್ಷಣ, ಅದಕ್ಕೆ ನಿಮ್ಮ ಮನೆಯ ಸಂಸ್ಕಾರವನ್ನು ದೂರಬೇಕಾಗಿಲ್ಲ. ಹಾರ್ಮೋನುಗಳು ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೇ ಕೆಲಸ ಶುರುಮಾಡುತ್ತವೆ. ಹಿಂದುಮುಂದು ಯೋಚಿಸಲು ನೆರವಾಗುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಮಾತ್ರ 25 ವರ್ಷದ ಆಸುಪಾಸಾಗುತ್ತದೆ. ಅಲ್ಲಿಯವರೆಗೆ ಮಕ್ಕಳ ಜೊತೆ ಕೂತು ಯೋಚಿಸಬೇಕಾದವರು ನಾವು. ಅದಕ್ಕೆ ಮೊದಲು ಅವರು ನಮ್ಮೆದುರು ಬಾಯಿ ಬಿಡಬೇಕು.

ನನ್ನ ವಿದ್ಯಾರ್ಥಿನಿಯೊಬ್ಬಳು ಇಂಥದ್ದೇ ಚೀಟಿಗಾಗಿ ಮನೆಯಲ್ಲಿ ಏಟು ತಿಂದಳು. ಫೋನೂ ಹೋಯಿತು, ಟ್ಯೂಷನ್ನೂ ನಿಂತಿತು. ಆಮೇಲೆ ಅವಳು ಗೆಳತಿಯ ಫೋನಿನಿಂದ ಇನ್‌ಸ್ಟಾಗ್ರಾಮ್ ನೋಡತೊಡಗಿದಳು. ಅಲ್ಲಿ ಪರಿಚಯವಾದ ಅಪರಿಚಿತನೊಬ್ಬ ಅವಳ ಫೋಟೊ ಪಡೆದು ಬೆದರಿಸತೊಡಗಿದಾಗ, ಒಂದು ಚೀಟಿಗೇ ಹೊಡೆದವರು ಇದಕ್ಕೆ ಏನು ಮಾಡಿಯಾರೋ ಎಂಬ ಭಯದಿಂದ ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ವಿಜ್ಞಾನದ ರೆಕಾರ್ಡಿಗೆ ನಾನು ಸಹಿ ಹಾಕುತ್ತಿದ್ದಾಗ, ಉಳಿದವರೆಲ್ಲ ಹೋಗುವವರೆಗೂ ಕಾದು, ರೆಕಾರ್ಡಿನ ಮೂಲೆಯನ್ನು ಮಡಿಸುತ್ತ ಬಿಚ್ಚುತ್ತ ಹೇಳಿಕೊಂಡಳು. ಆದ್ದರಿಂದಲೇ ಕೈಮುಗಿದು ಕೇಳುತ್ತೇನೆ, ಈಗ ಅವಳಿಗೆ ಹೊಡೆಯಬೇಡಿ, ಶಾಲೆಯನ್ನಂತೂ ಬಿಡಿಸಲೇಬೇಡಿ.

ಚೀಟಿ ಸಿಕ್ಕಿದ್ದನ್ನು ಮುಚ್ಚಿಡದೆ, ಅಜ್ಜಿ, ಚಿಕ್ಕಪ್ಪ ಯಾರೂ ಇಲ್ಲದ ಹೊತ್ತಿನಲ್ಲಿ ತಿಳಿಸಿ. ಎದುರು ಕೂರಿಸಿ ವಿಚಾರಣೆ ಮಾಡುವುದಕ್ಕಿಂತ ಅವರೆಕಾಯಿ ಸುಲಿಯುತ್ತ ಮಾತಿಗೆಳೆದರೆ ಮಕ್ಕಳು ಬೇಗ ಮನಸ್ಸು ಬಿಚ್ಚುತ್ತಾರೆ. ಆ ಹುಡುಗನಲ್ಲಿ ಏನು ಇಷ್ಟವಾಯಿತು ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೂ ಸುಮ್ಮನಿರಿ. ಅವನ ಜಾತಿಯ ಮಾತನ್ನು ಎತ್ತಲೇಬೇಡಿ. ಹಾಗೆಂದು ಎಲ್ಲಕ್ಕೂ ಹೂಂ ಎನ್ನಬೇಕಾಗಿಲ್ಲ. ರಾತ್ರಿ ಫೋನು ಹಾಲಿನಲ್ಲಿರಬೇಕು, ಫೋಟೊ ಯಾರಿಗೂ ಕಳಿಸಬಾರದು ಎಂಬ ನಿಯಮಗಳಿಗೆ ಕಾರಣ ವಿವರಿಸಿದರೆ ಬಹಳಷ್ಟು ಮಕ್ಕಳು ಒಪ್ಪುತ್ತಾರೆ.

ಕಾನೂನನ್ನೂ ಅವಳಿಗೆ ತಿಳಿಸಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಲೈಂಗಿಕ ಸಂಪರ್ಕಕ್ಕೆ 18 ತುಂಬದವರು ಕೊಡುವ ಒಪ್ಪಿಗೆಗೆ ಬೆಲೆಯಿಲ್ಲ. ಓರಗೆಯ ಹುಡುಗನೂ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗಬಹುದು. ಆದರೆ ಆ ಕಡೆ ಇರುವವರು ವಯಸ್ಕರು ಎಂದು ಗೊತ್ತಾದರೆ, ಅಥವಾ ಬೆದರಿಕೆಯ ಸುಳಿವು ಸಿಕ್ಕರೆ, ಮಾನ ಮರ್ಯಾದೆ ಎಂದು ಹಿಂಜರಿಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮೈಸೂರಿನ ತಂದೆಯೊಬ್ಬರ ಉತ್ತರ:

ಮೇಡಂ ಹೇಳಿದ್ದು ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ಸಹಪಾಠಿ ಒಲ್ಲೆ ಎಂದಳೆಂದು ನನ್ನ ಮಗ ಊಟ ಬಿಟ್ಟು ಮಂಕಾಗಿದ್ದ. ಗಂಡಸಾಗಿ ಅಳುವುದೇ ಎಂದು ಬಂಧುಗಳು ಹೀಯಾಳಿಸಿದರೂ ನಾನು ರಜೆ ಹಾಕಿ ಅವನ ಜೊತೆಗಿದ್ದೆ. ಒಲ್ಲೆ ಎನ್ನುವುದು ಆ ಹುಡುಗಿಯ ಹಕ್ಕು, ಮತ್ತೆ ಅವಳ ಹಿಂದೆ ಹೋಗಕೂಡದು ಎಂಬುದನ್ನೂ ಆಗಲೇ ಹೇಳಿದೆ. ನಿದ್ದೆ ಕೆಟ್ಟಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆವು. ಕರೆ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಅಕ್ಕ, ನಿಮ್ಮ ಯಜಮಾನರ ಸಿಟ್ಟಿನ ಹಿಂದೆ ಮಗಳ ಬಗೆಗಿನ ಭಯವಿದೆ. ಮೊದಲು ನೀವಿಬ್ಬರೇ ಕೂತು ಮಾತನಾಡಿ ಒಂದು ತೀರ್ಮಾನಕ್ಕೆ ಬನ್ನಿ; ಅವರು ಒಪ್ಪಿದರೆ ನಾನೂ ಅವರೊಂದಿಗೆ ಮಾತನಾಡುತ್ತೇನೆ.