14 ವರ್ಷ ದುಡಿದ ಸಿಸ್ಟರ್, ಮತ್ತೆ ಹೊಸಬಳು: ಓದುಗರ ಸ್ಪಂದನ

ಸಮಸ್ಯೆ: ಮಂಗಳೂರಿನ ಐಸಿಯುನಲ್ಲಿ 14 ವರ್ಷ ನರ್ಸ್ ಆಗಿ ದುಡಿದು, ಮನೆಗೆ ಹತ್ತಿರ ಅಂತ ಕಾಸರಗೋಡಿನ ಆಸ್ಪತ್ರೆ ಸೇರಿದೆ. ಎರಡು ತಿಂಗಳಾಯಿತು. ಚಿಕ್ಕ ಹುಡುಗಿಯರನ್ನು ಕೇಳಿ ಕೇಳಿ ಕೆಲಸ ಮಾಡಬೇಕು, ನಾಚಿಕೆಯಾಗುತ್ತದೆ. ವಾಪಸ್ ಹೋಗಲೇ?

ಅಕ್ಕಾ, ನಾನೂ ತಲಪಾಡಿ ಗಡಿ ದಾಟಿ ಈಚೆ ಬಂದವಳೇ. ಮೊದಲ ನೈಟ್ ಡ್ಯೂಟಿಯಲ್ಲಿ ಒಬ್ಬರಿಗೆ ಶುಗರ್ ತೀರಾ ಇಳಿದಿತ್ತು. ಗ್ಲೂಕೋಸ್ ಕೊಡಬೇಕು ಅಂತ ಗೊತ್ತು, ಅದು ಯಾವ ಡ್ರಾಯರ್‌ನಲ್ಲಿದೆ ಅಂತ ಗೊತ್ತಿಲ್ಲ. ಮೂರು ಡ್ರಾಯರ್ ಎಳೆದೆ, ಕೈ ನಡುಗುತ್ತಿತ್ತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ ಬಂದು ತೆಗೆದುಕೊಟ್ಟಳು. ನಾನು ಕೆಲಸ ಮರೆತಿರಲಿಲ್ಲ, ಜಾಗ ಗೊತ್ತಿರಲಿಲ್ಲ ಅಷ್ಟೆ. ಮರುದಿನದಿಂದ ಅರ್ಧ ಗಂಟೆ ಮೊದಲೇ ಹೋಗಿ, ಎಮರ್ಜೆನ್ಸಿ ಟ್ರಾಲಿ ತೆರೆದು, ಅಡ್ರಿನಲಿನ್ ಎಲ್ಲಿ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಎಲ್ಲಿ, ಪೊಟ್ಯಾಸಿಯಂ ಕ್ಲೋರೈಡ್ ಎಲ್ಲಿ ಬೇರೆ ಇಡುತ್ತಾರೆ, ರಾತ್ರಿ ಯಾವ ಡಾಕ್ಟರಿಗೆ ಫೋನ್ ಮಾಡಬೇಕು ಅಂತ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡೆ. ಮೂರು ವಾರಕ್ಕೆ ಪುಸ್ತಕ ಬೇಕಾಗಲಿಲ್ಲ. "ನಮ್ಮ ಹಳೇ ಆಸ್ಪತ್ರೆಯಲ್ಲಿ ಹೀಗಲ್ಲ" ಅಂತ ಮಾತ್ರ ಸದ್ಯಕ್ಕೆ ಹೇಳಬೇಡಿ, ಜನ ದೂರವಾಗುತ್ತಾರೆ. ಆದರೆ ಡೋಸ್ ಬಗ್ಗೆ ಅನುಮಾನ ಬಂದರೆ ಸುಮ್ನೆ ಇರಬೇಡಿ, ಯಾರಿಗೆ ಏನನ್ನಿಸಿದರೂ ಕೇಳಿ.
– ಸ್ಟಾಫ್ ನರ್ಸ್, ಉಪ್ಪಳ

ಭಾಷೆಯ ಬಗ್ಗೆ ನೀವು ಬರೆದಿಲ್ಲ, ಆದರೆ ನನಗೆ ಜಾಸ್ತಿ ಕಷ್ಟವಾದದ್ದು ಅದೇ. ಮನೆಯಲ್ಲಿ ತುಳು, ಓದಿದ್ದು ಕನ್ನಡ ಮೀಡಿಯಂ, ಇಲ್ಲಿ ಶಿಫ್ಟ್ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ಮಲಯಾಳದಲ್ಲಿ ಓಡುತ್ತದೆ. ಪನಿ ಅಂದರೆ ತುಳುವಿನಲ್ಲಿ ತುಂತುರು ಮಳೆ, ಮಲಯಾಳದಲ್ಲಿ ಜ್ವರ. ವೇದನ (ನೋವು), ಛರ್ದಿ (ವಾಂತಿ), ಶ್ವಾಸಂಮುಟ್ಟಲ್ (ಉಸಿರಾಟದ ಕಷ್ಟ), ಇಂಥ 30–40 ಮಾತು ಕಲಿತರೆ ವಾರ್ಡು ನಡೆಯುತ್ತದೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿಸಿ. ಇನ್ನೊಂದು ವಿಷಯ ಅಕ್ಕಾ, ಎಣ್ಮಕಜೆ, ಪೈವಳಿಕೆ ಕಡೆಯ ಅಜ್ಜಿಯರು ನೋವು ಹೇಳಿಕೊಳ್ಳುವುದು ತುಳುವಿನಲ್ಲೋ ಕನ್ನಡದಲ್ಲೋ. ಅವರ ಬೆಡ್ಡಿನ ಹತ್ತಿರ ಆ ಹುಡುಗಿಯರೇ ನಿಮ್ಮನ್ನು ಕರೆಯುತ್ತಾರೆ, ನೋಡಿ.
– ಡಯಾಲಿಸಿಸ್ ವಿಭಾಗದ ಸಿಸ್ಟರ್, ಬದಿಯಡ್ಕ

ನಾನು ನರ್ಸಿಂಗ್ ಕಲಿಸುವವಳು. ನರ್ಸ್ ಕಲಿಯುವ ಬಗೆಯನ್ನು ಐದು ಮೆಟ್ಟಿಲಾಗಿ ವಿವರಿಸಿದ ಪೆಟ್ರೀಷಿಯಾ ಬೆನ್ನರ್ 1980ರ ದಶಕದಲ್ಲೇ ಒಂದು ಮಾತು ಹೇಳಿದ್ದಾರೆ: ಪಳಗಿದ ನರ್ಸ್ ಕೂಡ ತನಗೆ ಪರಿಚಯವಿಲ್ಲದ ಬಗೆಯ ರೋಗಿಗಳ ನಡುವೆ ಹೋದರೆ ಮೊದಲ ಮೆಟ್ಟಿಲಲ್ಲಿ ನಿಲ್ಲಬೇಕಾಗಬಹುದು. ಹಾಗಾಗಿ ನಾಚಿಕೆ ಬೇಡ. ಎರಡು ತಿಂಗಳಲ್ಲಿ ವಾಪಸ್ ಹೋಗುವ ತೀರ್ಮಾನವೂ ಬೇಡ. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ನಾಳೆಯೇ ಹೋಗಿ, "ಇನ್ನೊಂದು ತಿಂಗಳು ಇಲ್ಲಿಯ ಹಳಬರೊಬ್ಬರ ಜೊತೆಗೇ ನನಗೆ ಶಿಫ್ಟ್ ಹಾಕಿ" ಅಂತ ಕೇಳಿಕೊಳ್ಳಿ.
– ನಿಮ್ಮಂತೆ ಒಬ್ಬಳು, ಕಾಸರಗೋಡು