ಮೂರಡಿ ರ‍್ಯಾಕ್‌ಗೆ ಮೂರಡಿ ಶೆಲ್ಫ್ ಕೂರುತ್ತಿಲ್ಲ: ಮೇಲಿನ ಕೊಕ್ಕೆ ಹೋಗುತ್ತದೆ, ಕೆಳಗಿನದು ಹೋಗುವುದಿಲ್ಲ

ಮಂಡಿಪೇಟೆ ಕಿರಾಣಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡಿಪೇಟೆಯಲ್ಲಿ ಕಿರಾಣಿ ಅಂಗಡಿ. ಅಪ್ಪ ಹಾಕಿಸಿದ್ದ ಸ್ಟೀಲ್ ರ‍್ಯಾಕ್ ಗೋಡೆ ಬದಿಗೆ ಇದೆ. ಐದು ಕಂಬ, ನಡುವೆ ನಾಲ್ಕು ಖಾನೆ. ಕಂಬದ ಮುಂದೆ ಮೇಲಿಂದ ಕೆಳಗಿನವರೆಗೆ ತೂತಿನ ಸಾಲು. ಬ್ರಾಕೆಟ್ ಅದರಲ್ಲಿ ಸಿಕ್ಕಿಸಿ ಮೇಲೆ ಶೆಲ್ಫ್ ಇಡುವುದು. ಯಾವ ಕಂಪನಿ ಅಂತ ಗೊತ್ತಿಲ್ಲ, ಸ್ಟಿಕರ್ ಎಂದೋ ಹೋಗಿದೆ.

ಎಣ್ಣೆ ಪೌಚು ಇಟ್ಟಿದ್ದ ಎರಡು ಶೆಲ್ಫ್ ನಡುವೆ ಬಾಗಿವೆ. ಜೊತೆಗೆ ಪಕ್ಕದ ಗೋಡೌನ್ ಗೋಡೆ ಒಡೆಸಿದ್ದರಿಂದ ಇನ್ನೆರಡು ಖಾನೆಗೆ ಜಾಗ ಸಿಕ್ಕಿದೆ. ಬೆಂಗಳೂರಿನ ಒಬ್ಬ ಡೀಲರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿ "ಮೂರಡಿ, ಬಿಳಿ" ಅಂತ ಹೇಳಿದೆ. 10 ಶೆಲ್ಫ್, 20 ಬ್ರಾಕೆಟ್, 2 ಕಂಬ, ಬೆನ್ನಿನ ತಗಡು, ಎಲ್ಲ ಪಾರ್ಸೆಲ್ ಲಾರಿಯಲ್ಲಿ ಬಂತು.

ನೋಡಲು ಒಂದೇ ತರ. ಹಾಕಲು ಹೋದರೆ ಬ್ರಾಕೆಟ್‌ನ ಮೇಲಿನ ಕೊಕ್ಕೆ ತೂತಿಗೆ ಹೋಗುತ್ತದೆ, ಕೆಳಗಿನದು ತಗಡಿಗೆ ಬಡಿಯುತ್ತದೆ. ಮರದ ಸುತ್ತಿಗೆಯಲ್ಲಿ ಬಡಿದಾಗ ಒಂದು ಕೂತಿತು, ಆದರೆ ಶೆಲ್ಫ್ ಮೂಗು ಕೆಳಗೆ ಹಾಕಿ ನಿಂತಿದೆ. ಉದ್ದವೂ ಸಾಲುತ್ತಿಲ್ಲ. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಜಾರುತ್ತದೆ. ವಾಪಸ್ ತಗೊಳ್ಳಲ್ಲ ಅಂತಿದ್ದಾರೆ. ಕೊಕ್ಕೆಯನ್ನು ಅರ ಹಾಕಿ ಉಜ್ಜಿಸಿದರೆ ಆಗುತ್ತಾ?

ದುರ್ಗದ ಫಿಟ್ಟರ್ (ಚಿತ್ರದುರ್ಗ)

ಉಜ್ಜಬೇಡಿ. ಬಡಿಯಲೂ ಬೇಡಿ. ಆ ಸಣ್ಣ ಕೊಕ್ಕೆಗಳ ಮೇಲೇ ಇಡೀ ಶೆಲ್ಫಿನ ಭಾರ ನಿಲ್ಲುವುದು. ಉಜ್ಜಿದರೆ ಕೊಕ್ಕೆ ಸಣ್ಣದಾಗುತ್ತದೆ, ಬಡಿದರೆ ಕಂಬದ ತೂತು ಹಿಗ್ಗುತ್ತದೆ. ಶೆಲ್ಫ್ ಇನ್ನೊಂದು ಸಿಗಬಹುದು, ಹಳೆ ಕಂಬ ಹಾಳಾದರೆ ಎರಡು ಬದಿಯ ಖಾನೆಯೂ ಹೋದ ಹಾಗೆ.

ಮೊದಲು ಎರಡು ಅಳತೆ ಬೇಕು, ಹಳೆಯದರಲ್ಲೂ ಹೊಸದರಲ್ಲೂ. ಒಂದು, ತೂತಿನ ಪಿಚ್, ಅಂದರೆ ಒಂದು ತೂತಿನಿಂದ ಮುಂದಿನ ತೂತಿಗೆ ಇರುವ ಅಂತರ. ಒಂದು ತೂತಿನ ಮೇಲಂಚಿನಿಂದ ಮುಂದಿನ ತೂತಿನ ಮೇಲಂಚಿಗೆ ಅಂತ ಅಳೆಯಬೇಡಿ. ಅಷ್ಟು ಸಣ್ಣ ಅಳತೆಯಲ್ಲಿ ಟೇಪು ಮೋಸ ಮಾಡುತ್ತದೆ. 20 ಗ್ಯಾಪ್ ಸೇರಿಸಿ ಅಳೆದು 20ರಿಂದ ಭಾಗಿಸಿ. ಎರಡು, ಕಂಬದ ನಡುವಿನಿಂದ ಪಕ್ಕದ ಕಂಬದ ನಡುವಿಗೆ ಎಷ್ಟು. ಶೆಲ್ಫಿನ ಉದ್ದ ಅಲ್ಲ, ಕಂಬದ ಅಂತರ. ಎಲ್ಲ ಮಿಲಿಮೀಟರ್‌ನಲ್ಲಿ ಹೇಳಿ.

ಮಂಡಿಪೇಟೆ ಕಿರಾಣಿ

ಈಗಷ್ಟೇ ಅಳೆದೆ. ಹಳೆ ಕಂಬದಲ್ಲಿ 20 ತೂತಿಗೆ 482, 483 ಹತ್ತಿರ ಬಂತು. 20ರಿಂದ ಭಾಗಿಸಿದರೆ 24.1. ಹೊಸದರಲ್ಲಿ 475, ಅಂದರೆ 23.75. ಕಂಬದಿಂದ ಕಂಬಕ್ಕೆ ಹಳೆಯದು 914. ಹೊಸದನ್ನು ನೆಲದ ಮೇಲೆ ಜೋಡಿಸಿ ನೋಡಿದೆ, 900.

ದುರ್ಗದ ಫಿಟ್ಟರ್

ನೀವು 20 ತೂತು ಎಣಿಸಿದ್ದೀರಿ. 20 ತೂತಿನ ನಡುವೆ ಗ್ಯಾಪ್ ಇರುವುದು 19. ಇದು ಎಲ್ಲರಿಗೂ ಆಗುತ್ತದೆ, ಹೊಸ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನ. 19ರಿಂದ ಭಾಗಿಸಿ ನೋಡಿ: ಹಳೆಯದು 25.4, ಹೊಸದು 25.

ರೋಗ ಸಿಕ್ಕಿತು. ನಿಮ್ಮ ಹಳೆ ರ‍್ಯಾಕ್ ಇಂಚಿನ ಲೆಕ್ಕದ್ದು. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಹೊಸದು ಮಿಲಿಮೀಟರ್ ಲೆಕ್ಕದ್ದು, 25ರ ಪಿಚ್. ಒಂದು ತೂತಿಗೆ ಅರ್ಧ ಮಿಲಿಮೀಟರೂ ವ್ಯತ್ಯಾಸ ಇಲ್ಲ, ಅದಕ್ಕೇ ಫೋಟೋದಲ್ಲಿ ಒಂದೇ ತರ ಕಂಡಿದ್ದು. ಬ್ರಾಕೆಟ್‌ನ ಮೇಲಿನ ಕೊಕ್ಕೆಗೂ ಕೆಳಗಿನ ಕೊಕ್ಕೆಗೂ ನಾಲ್ಕು ತೂತಿನ ಅಂತರ ಇದೆ ಅಂದುಕೊಳ್ಳಿ. ಹೊಸ ಬ್ರಾಕೆಟ್‌ನಲ್ಲಿ ಅದು 100, ನಿಮ್ಮ ಕಂಬದಲ್ಲಿ 101.6. ಆ 1.6 ಮಿಲಿಮೀಟರೇ ಕೆಳಗಿನ ಕೊಕ್ಕೆಗೆ ಅಡ್ಡ ಬರುತ್ತಿರುವುದು. ನಮ್ಮ ಕಡೆ ಎರಡು ಲೆಕ್ಕದ ಮಾಲೂ ಓಡುತ್ತದೆ. 50 ಮಿಲಿಮೀಟರ್ ಪಿಚ್ಚಿನದೂ ಇದೆ, ಯುರೋಪಿನ ಟೆಗೋಮೆಟಾಲ್ ಕಂಪನಿ ತರದ ರ‍್ಯಾಕಿನಲ್ಲಿ ನೋಡಿರಬಹುದು.

ಉದ್ದಕ್ಕೂ ಇದೇ ಕಥೆ. ಮೂರಡಿ ಅಂದರೆ ಇಂಚಿನವರಿಗೆ 914, ಮಿಲಿಮೀಟರ್‌ನವರಿಗೆ ಸುಮಾರಾಗಿ 900. ಇಬ್ಬರೂ ಬಾಯಲ್ಲಿ ಮೂರಡಿ ಅಂತಲೇ ಹೇಳುತ್ತಾರೆ. ಡೀಲರ್ ಬೇಕಂತ ಮೋಸ ಮಾಡಿರಲಿಕ್ಕಿಲ್ಲ. ಆದರೆ ಫೋಟೋ ನೋಡಿ ಮಾಲು ಕಳಿಸಿದ್ದು ತಪ್ಪು, ಒಂದು ಹಳೆ ಬ್ರಾಕೆಟ್ ಕಳಿಸಿ ಅಂತ ಕೇಳಬೇಕಿತ್ತು.

ಹರಿಹರ ಲೇತ್

ನಡುವೆ ಬಾಯಿ ಹಾಕುತ್ತಿದ್ದೇನೆ. ಹಳೆ ಬ್ರಾಕೆಟ್ ಒಂದು ತಂದರೆ ಅದೇ ಅಚ್ಚಿಗೆ ಲೇಸರ್ ಕಟಿಂಗ್‌ನಲ್ಲಿ ಹೊಸದು ಮಾಡಿಸಬಹುದು. ನಾನು ಒಂದೆರಡು ಅಂಗಡಿಗೆ ಮಾಡಿಕೊಟ್ಟಿದ್ದೇನೆ, ಚೆನ್ನಾಗಿ ನಿಂತಿವೆ. ಕೊಕ್ಕೆಯ ಬಾಯಿ ಅಗಲ ಮುಖ್ಯ. ಕಂಬದ ತಗಡಿನ ದಪ್ಪಕ್ಕಿಂತ ಸ್ವಲ್ಪವೇ ಜಾಸ್ತಿ ಇರಬೇಕು. ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಕಾಯಿಸಿ ಕೂರಿಸುವುದು) ಸಾಮಾನ್ಯವಾಗಿ ಒಂದು ಮೈಗೆ 60ರಿಂದ 80 ಮೈಕ್ರಾನ್ ಕೂರುತ್ತದೆ, ಎರಡು ಮೈ ಸೇರಿದರೆ 0.15 ಮಿಲಿಮೀಟರ್ ಹತ್ತಿರ. ಕಟಿಂಗ್ ಆದ ಮೇಲೆ ಸರಿಯಾಗಿ ಕೂತ ಬ್ರಾಕೆಟ್, ಬಣ್ಣ ಆಗಿ ಬಂದ ಮೇಲೆ ಬಿಗಿ ಆಗುವುದು ಇದಕ್ಕೇ. ಹಾಗೇ ದಪ್ಪ ಅಳೆಯುವ ವರ್ನಿಯರ್‌ನಲ್ಲಿ ಹಳೆ ಶೆಲ್ಫ್ 0.95 ತೋರಿಸಿದರೆ ಒಳಗಿನ ತಗಡು 0.8 ಅಂತ ತಿಳಿಯಿರಿ.

ಹಳೆ ಬ್ರಾಕೆಟ್‌ಗೆ ಹೊಸ ಕೊಕ್ಕೆ ವೆಲ್ಡ್ ಮಾಡಿಸುವುದು ಮಾತ್ರ ಬೇಡ. ತೆಳು ತಗಡು ಕಾಯಿಸಿದರೆ ಸೊಟ್ಟ ಆಗುತ್ತದೆ.

ದುರ್ಗದ ಫಿಟ್ಟರ್

ಬ್ರಾಕೆಟ್ ಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ಇಲ್ಲಿ ಬ್ರಾಕೆಟ್ ಮಾಡಿಸಿದರೂ ಶೆಲ್ಫ್ 14 ಮಿಲಿಮೀಟರ್ ಗಿಡ್ಡ. ಅದನ್ನು ಎಳೆಯಲು ಆಗುವುದಿಲ್ಲ.

ನನ್ನ ಮಾತು ಕೇಳುವುದಾದರೆ ಹೊಸದನ್ನು ಹಳೆಯದಕ್ಕೆ ಹೊಂದಿಸುವ ಯೋಚನೆಯನ್ನೇ ಬಿಡಿ. ಹಳೆ ಮನೆಯಲ್ಲಿ ಕಂಬದ ನಡುವೆ ಅಂಕಣ ಇರುತ್ತಲ್ಲ, ರ‍್ಯಾಕೂ ಹಾಗೇ. ಮೂರು ಅಂಕಣಕ್ಕೆ ನಾಲ್ಕು ಕಂಬ, ಎರಡಕ್ಕೆ ಮೂರು. ನೀವು ಹಳೆ ಕೊನೆ ಕಂಬವನ್ನೇ ಹಂಚಿಕೊಂಡು ಮುಂದುವರಿಸಬಹುದು ಅಂತ ಎರಡೇ ಕಂಬ ತರಿಸಿದ್ದೀರಿ. ಇನ್ನೊಂದು ಹೊಸ ಕಂಬ, ಅದರ ಪಾದ ಸಮೇತ ತರಿಸಿ. ಅಲ್ಲಿಗೆ ಹೊಸ ಎರಡು ಅಂಕಣ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. 10 ಶೆಲ್ಫೂ ಅಲ್ಲಿಗೇ, ಒಂದಕ್ಕೆ ಐದು. ಬಾಗಿದ ಎರಡು ಹಳೆ ಶೆಲ್ಫ್ ತೆಗೆದುಬಿಡಿ. ಅಲ್ಲಿ ಎತ್ತರದ ಸಾಮಾನು ಇಡಿ. ನಿಮ್ಮೂರಲ್ಲಿ ಮಂಡಕ್ಕಿ ಚೀಲಕ್ಕೆ ಜಾಗ ಬೇಕೇ ಬೇಕು ಅಲ್ವಾ? ಮುಂದೆ ಹಳೆಯದರಲ್ಲಿ ಏನಾದರೂ ಮುರಿದರೆ ಒಂದು ಅಂಕಣ ಬಿಚ್ಚಿ ಬಿಡಿಭಾಗ ಮಾಡಿಕೊಳ್ಳಿ. ಹಳೆ ಮಾಲಿಗೆ ಹಳೆ ಮಾಲೇ ಸರಿಯಾದ ಜೋಡಿ.

ಎಣ್ಣೆ ಪೌಚು ಕೆಳಗಿನ ಶೆಲ್ಫಿಗೆ ಇಳಿಸಿ. ಒಂದು ಲೀಟರ್ ಪೌಚು 910 ಗ್ರಾಂ. 60 ಪೌಚು ಒಂದೇ ಶೆಲ್ಫ್‌ನಲ್ಲಿ ಇಟ್ಟರೆ ಹತ್ತಿರ ಹತ್ತಿರ 55 ಕೆಜಿ. ಉಳಿತಾಯ ಅಂತ ನಾಲ್ಕಡಿ ಶೆಲ್ಫಿಗೆ ಹೋಗಬೇಡಿ. ಅದೇ ತಗಡು, ಅದೇ ತೂಕ, ಆದರೆ 900ರದ್ದಕ್ಕಿಂತ 1200ರದ್ದು ಎರಡೂಕಾಲು ಪಟ್ಟಿಗಿಂತ ಜಾಸ್ತಿ ಬಾಗುತ್ತದೆ. ಕಾರಣ, ಬಾಗು ಉದ್ದದ ಘನಕ್ಕೆ ತಕ್ಕ ಹಾಗೆ ಏರುತ್ತದೆ.

ಲಕ್ಷ್ಮೀ ಬಜಾರ್ ಸ್ಟೇಷನರಿ (ಚಿತ್ರದುರ್ಗ)

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಅದರಲ್ಲಿ ದುಡ್ಡು ಕಳೆದುಕೊಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. "ಬಿಳಿ" ಅನ್ನುವುದು ಒಂದು ಬಣ್ಣ ಅಲ್ಲ. ಪೇಂಟಿನವರು ಬಳಸುವ ರಾಲ್ ಬಣ್ಣದ ಕೋಡ್ ಚಾರ್ಟಿನಲ್ಲಿ 9016 ಬಿಳಿ, 9003 ಬಿಳಿ, 9002 ಬೂದು ಮಿಶ್ರಿತ ಬಿಳಿ. ಕೋಡ್ ಸರಿ ಇದ್ದರೂ ದಿನಾ ಊದುಬತ್ತಿ ಹೊಗೆ, ದೂಳು ಕುಡಿದ ಹಳೆ ಶೆಲ್ಫ್ ಹಳದಿ ತಿರುಗಿರುತ್ತದೆ. ಹಳೆ ಶೆಲ್ಫಿನ ಮುಂದಿನ ಬೆಲೆಪಟ್ಟಿ ತೆಗೆದು ಅದರ ಹಿಂದೆ ನೋಡಿ, ನಿಜವಾದ ಬಣ್ಣ ಅಲ್ಲಿರುತ್ತದೆ. ನಾನು ಹೊಸದು, ಹಳೆಯದು ಒಂದು ಬಿಟ್ಟು ಒಂದು ಹಾಕಿದ್ದೆ. ಅಂಗಡಿ ತೇಪೆ ಹಾಕಿದ ಸೀರೆ ಹಾಗೆ ಕಾಣುತ್ತಿತ್ತು. ಆಮೇಲೆ ಹೊಸದೆಲ್ಲ ಒಂದೇ ಕಡೆ ಸೇರಿಸಿದೆ. ಈಗ ಗಿರಾಕಿಗಳು ಅದು ಬೇರೆ ವಿಭಾಗ ಅಂದುಕೊಳ್ಳುತ್ತಾರೆ.

ಫಿಟ್ಟರ್ ಅವರಿಗೆ ಒಂದು ಪ್ರಶ್ನೆ. ಹೊಸ ಅಂಕಣ ಪಕ್ಕದಲ್ಲಿ ನಿಲ್ಲಿಸಿದರೆ ಶೆಲ್ಫ್ ಸಾಲು ಏರುಪೇರು ಆಗಲ್ವಾ?

ದುರ್ಗದ ಫಿಟ್ಟರ್

ಆಗುತ್ತದೆ, ಆದರೆ ಒಂದು ದಾರಿ ಇದೆ. ಮೊದಲು ಪಾದದ ಕೆಳಗಿನ ಸ್ಕ್ರೂ ತಿರುಗಿಸಿ ಎರಡರ ಕೆಳಗಿನ ಮೊದಲ ತೂತನ್ನೂ ಒಂದೇ ಮಟ್ಟಕ್ಕೆ ತನ್ನಿ. ಹಳೆ ಅಂಗಡಿಗಳ ಕಲ್ಲಿನ ನೆಲ ಸಮ ಇರುವುದಿಲ್ಲ, ಮಟ್ಟಗೋಲು ಇಟ್ಟೇ ಮಾಡಿ. ಈಗ ಮೇಲೆ ಎಣಿಸಿ. ಹಳೆಯದರಲ್ಲಿ 60 ಗ್ಯಾಪ್ ಮೇಲೆ ಹೋದರೆ 1524 ಮಿಲಿಮೀಟರ್. ಹೊಸದರಲ್ಲಿ 60 ಗ್ಯಾಪಿಗೆ 1500, 24 ಕಡಿಮೆ. ಒಂದು ತೂತು ಮೇಲೆ ಹೋಗಿ, 61ಕ್ಕೆ 1525. ಒಂದೇ ಮಿಲಿಮೀಟರ್ ವ್ಯತ್ಯಾಸ. ಗಿರಾಕಿ ಕಣ್ಣು ಬೀಳುವ ಶೆಲ್ಫ್ ಅದೇ. ಸೊಂಟದ ಮಟ್ಟದಲ್ಲಿ ಏನು ಮಾಡಿದರೂ 12, 13 ಮಿಲಿಮೀಟರ್ ತಪ್ಪುತ್ತದೆ, ಅದನ್ನು ಬಿಟ್ಟುಬಿಡಿ.

ಹೊಸ ಕಂಬಗಳ ತಲೆಯನ್ನು ಎಲ್ ಕ್ಲಿಪ್ ಹಾಕಿ ಗೋಡೆಗೆ ಬಿಗಿಯಲೇಬೇಕು. ಗೋಡೆ ಬದಿಯ ರ‍್ಯಾಕಿಗೆ ಭಾರವೆಲ್ಲ ಮುಂದಕ್ಕೇ ಇರುತ್ತದೆ. ಸಾಮಾನು ತುಂಬುವಾಗ ಕೆಳಗಿನಿಂದ ಶುರು ಮಾಡಿ.

ಮಂಡಿಪೇಟೆ ಕಿರಾಣಿ

ಹತ್ತು ದಿನ ಆಯಿತು, ಈಗ ಬರೆಯುತ್ತಿದ್ದೇನೆ. ಮೂರನೇ ಕಂಬ ಬಂತು. ಈ ಸಲ ಪಿಚ್ 25, ಅಂತರ 900 ಅಂತ ಬರೆದು ಕಳಿಸಿದೆ, ಜೊತೆಗೆ ಹೊಸ ಬ್ರಾಕೆಟ್ ಒಂದನ್ನು ಲಾರಿಯಲ್ಲಿ ಕೊಟ್ಟು ಕಳಿಸಿದೆ. ಸರಿಯಾದ ಮಾಲೇ ಬಂತು. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ನಿಲ್ಲಿಸಿದೆವು. ಆ 61ನೇ ಗ್ಯಾಪಿನ ಲೆಕ್ಕ ನಿಜ. ದಾರ ಹಿಡಿದು ನೋಡಿದೆ, ಹಳೆ ಶೆಲ್ಫಿನ ಅಂಚಿನಿಂದ ಹೊಸದರ ಅಂಚಿಗೆ ನೇರ ಬಂತು. ಅಪ್ಪ ಎರಡು ಸಲ ಕೈಯಾಡಿಸಿ ನೋಡಿದರು. ಹಳೆ ಕಂಬಕ್ಕೂ ಹೊಸ ಕಂಬಕ್ಕೂ ನಡುವೆ ಎರಡು ಬೆರಳು ಸಂದಿ ಉಳಿದಿದೆ, ಅದಕ್ಕೆ ತಗಡಿನ ಪಟ್ಟಿ ಮಡಚಿ ಕೂರಿಸುತ್ತೇನೆ.

ಒಂದೇ ಭಯ. ಮುಂದೆ ಯಾರಾದರೂ ಶೆಲ್ಫ್ ಬದಲಿಸುವಾಗ ಹಳೆ, ಹೊಸ ಬ್ರಾಕೆಟ್ ಕಲಸಿಬಿಟ್ಟರೆ?

ದುರ್ಗದ ಫಿಟ್ಟರ್

ಹೊಸ 20 ಬ್ರಾಕೆಟ್‌ಗೂ ಒಳಮೈಯಲ್ಲಿ, ಕೊಕ್ಕೆ ಹತ್ತಿರ, ಕೆಂಪು ಪೇಂಟಿನ ಒಂದು ಚುಕ್ಕೆ ಇಡಿ. ಹೊಸ ಮೂರು ಕಂಬದ ತಲೆಗೂ ಅದೇ ಕೆಂಪು. ಕೆಂಪಿಗೆ ಕೆಂಪು ಅಂತ ಅಂಗಡಿ ಹುಡುಗರಿಗೆ ಹೇಳಿಬಿಡಿ. ಸುತ್ತಿಗೆಯಲ್ಲಿ ಬಡಿದ ಆ ಒಂದು ಬ್ರಾಕೆಟ್ ಇದೆಯಲ್ಲ, ಅದರ ಕೆಳಗಿನ ಕೊಕ್ಕೆ ಒಮ್ಮೆ ನೋಡಿ. ಬಾಗಿದ್ದರೆ ಬದಲಿಸಿ. ಅದು ಹೊಕ್ಕಿದ್ದ ಹಳೆ ಕಂಬದ ತೂತಿಗೂ ಬೆರಳು ಹಾಕಿ ನೋಡಿ, ಅಂಚು ಹರಿದಿದ್ದರೆ ಆ ತೂತು ಬಿಟ್ಟು ಮೇಲಿನದರಲ್ಲಿ ಸಿಕ್ಕಿಸಿ.